ನಿಂಬೆಹಣ್ಣು ಉರುಳಿದ ಕಡೆ

“ಮತ್ತೆ ಇಳಿಸಿ ಹೇರುಕೆ ಹೊತ್ತೆಲ್ಲಿದೆ ಮಾರಾಯಾ? ಚಕ್ರದಡಿ ಇದನ್ನಿಟ್ಟು ಹೊರಡು, ಎಂತ ಆಗುದಿಲ್ಲ,” ಎಂದು ಮ್ಯಾನೇಜರ್ ರಮಾನಂದರು ಲಾರಿಯ ಎಡಬಾಗಿಲಲ್ಲಿ ನಿಂತು ನಿಂಬೆಹಣ್ಣು ಚಾಚಿದರು.

ಕುಮಟೆಯ ಹೆಂಚಿನ ಕಾರ್ಖಾನೆಯ ಸಪಾಟು ಅಂಗಳದಲ್ಲೇ ಲಾರಿ ಎಡಕ್ಕೆ ವಾಲಿತ್ತು. ಬಲಬದಿ ಗೋಡೆಗೆ ತಾಗಿದ್ದರಿಂದ ಹಮಾಲರು ಹೆಂಚನ್ನೆಲ್ಲ ಎಡಗಡೆಯಿಂದಲೇ ಏರಿಸಿ, ಅಲ್ಲೇ ಎತ್ತರಕ್ಕೆ ಒಟ್ಟಿದ್ದರು. ಮುಂದೆ ದೇವಿಮನೆ ಘಾಟಿಯ ತಿರುವುಗಳು. ಹೋದ ತಿಂಗಳು ಇದೇ ಕಾರ್ಖಾನೆಯ ಡ್ರೈವರ್ ವೆಂಕಟನ ಲಾರಿ ಮಗುಚಿದ್ದು ಅಲ್ಲೇ; ಅವನು ಬದುಕಲಿಲ್ಲ.

“ವೆಂಕಟಗೂ ಒಂದು ಕೊಟ್ಟಿದ್ರಿ, ಒಡೆಯಾ,” ಎನ್ನುತ್ತ ಡ್ರೈವರ್ ಶನಿಯಾರ ಹಣ್ಣನ್ನು ಕ್ಯಾಬಿನ್ನಿನ ಮರದ ಸೀಟಿನ ಮೇಲಿಟ್ಟು ಕೈ ತೆಗೆದ. ಅದು ತಾನಾಗಿ ಎಡಕ್ಕೆ ಉರುಳಿ, ತೆರೆದ ಬಾಗಿಲಿನಿಂದ ರಮಾನಂದರ ಕಾಲಬುಡಕ್ಕೆ ಬಿತ್ತು.

ಹಿರಿಯ ಹಮಾಲ ಮಾಸ್ತಿ ಬೀಡಿ ಆರಿಸಿ, ಮ್ಯಾನೇಜರರ ಅಪ್ಪಣೆಗೆ ಕಾಯದೆ, ಹೇರಿಗೆ ಬಿಗಿದಿದ್ದ ಹಗ್ಗ ಬಿಚ್ಚತೊಡಗಿದ.