ಹದಿನೆಂಟು ಗುಡ್ಡೆ

"ನೆರಡಿ ರೋಗ, ಆಂಥ್ರಾಕ್ಸ್ ಅಂತಾರಲ್ಲ ಅದು, ಕ್ಯಾತಣ್ಣ," ಎಂದರು ಪಶುವೈದ್ಯೆ ರಕ್ಷಾ, ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದು. ಕುರಿ ಸತ್ತರೆ ಕಿವಿತುದಿ ತನ್ನಿ ಎಂದು ಹಿಂದೊಮ್ಮೆ ಅವರೇ ಹೇಳಿದ್ದರು. ರಾತ್ರಿ ಸತ್ತ ಕುರಿಯ ಕಿವಿತುದಿಯನ್ನು ಕ್ಯಾತಣ್ಣ ಕವರಿನಲ್ಲಿ ಕಟ್ಟಿಕೊಂಡು ಬೆಳಗಿನ ಬಸ್ಸಿಗೇ ಕೊಡಿಗೇನಹಳ್ಳಿಗೆ ಬಂದಿದ್ದ. ಮಂದೆಯಲ್ಲಿ ಇನ್ನೂ ನಲವತ್ತು ಕುರಿಗಳಿದ್ದವು. ಅವನಿಗೆ ಅವುಗಳದೇ ಚಿಂತೆ.

"ನಾನೂ ಒಂದ್ಸಾರಿ ನೋಡ್ಲಾ ಮೇಡಮ್ಮೋರೆ?"

ಒಂದು ಕಣ್ಣು ಮುಚ್ಚಿ ಬಗ್ಗಿದವನು ಬೆಚ್ಚಿಬಿದ್ದ. ಬಿದಿರನ್ನು ಗಣ್ಣುಗಣ್ಣಿಗೆ ಕತ್ತರಿಸಿ ಸಾಲಾಗಿ ಜೋಡಿಸಿದಂತೆ ನೀಲಿ ಕಡ್ಡಿಗಳು! "ಅಬ್ಬಬ್ಬಾ! ಯಾರೋ ಕುಂತ್ಕಂಡು ಅಳತೆ ಇಟ್ಟು ಕೊಯ್ದಂಗೈತಲ್ಲ! ಆದ್ರೆ ಒಂದೂ ಅಲ್ಲಾಡಕಿಲ್ವಲ್ಲ?"

"ಗಾಜಿನ ಮೇಲಿರೋವು ಸತ್ತಿವೆ. ಬದುಕಿದ್ರೂ ಇವು ಓಡಾಡಲ್ಲ. ಬೇರೆ ಎಷ್ಟೋ ಬ್ಯಾಕ್ಟೀರಿಯಾಗಳಿಗೆ ಬಾಲ ಇರುತ್ತೆ, ಅದನ್ನ ತಿರುಗಿಸ್ಕೊಂಡು ಈಜ್ತವೆ. ಇದಕ್ಕೆ ಅದೂ ಇಲ್ಲ. ಮೈಸುತ್ತ ಗಟ್ಟಿ ಗೋಡೆ ಇರೋದ್ರಿಂದ ಕಡ್ಡಿ ಆಕಾರ ಮಾತ್ರ ಕೆಡಲ್ಲ."

ಕ್ಯಾತಣ್ಣನಿಗೆ ಹೋದ ಜೀವ ಬಂದಂತಾಯಿತು. "ಅಂಗಾರೆ ಬುಡಿ! ನಡೆಯಾಕೇ ಬರದಿರೋದು ನನ್ನ ಮಂದೆಗೆ ಹೆಂಗೆ ಬಂದಾತು?"

"ಯಾರಾದ್ರೂ ತಂದ್ರೆ ಬರುತ್ತೆ. ಸತ್ತ ಕುರಿನ ಕೊಯ್ದಿಲ್ಲ ತಾನೆ? ಆಳವಾಗಿ ಹೂಳಬೇಕು. ಒಂದು ಹನಿ ರಕ್ತವೂ ನೆಲಕ್ಕೆ ಬೀಳಬಾರದು."

ಕ್ಯಾತಣ್ಣ ತನ್ನ ಕೈಗಳನ್ನು ನೋಡಿಕೊಂಡ. ಮೈತುಂಬಿಕೊಂಡಿದ್ದ ಕುರಿ, ಇನ್ನೂ ಬೆಚ್ಚಗಿತ್ತು; ಹೂಳಲು ಯಾರಿಗೆ ಮನಸ್ಸು ಬರುತ್ತದೆ? ಅವನೇ ಸುಲಿದಿದ್ದ. ಅವನೇ ಮಾಂಸವನ್ನು ಗುಡ್ಡೆ ಹಾಕಿ, ಯಾರಿಗೂ ಒಂದು ತುಂಡು ಹೆಚ್ಚುಕಡಿಮೆ ಆಗದಂತೆ ಹಟ್ಟಿಗೆಲ್ಲ ಹಂಚಿದ್ದ. ನಷ್ಟದಲ್ಲೂ ಕ್ಯಾತಣ್ಣ ಕೈ ಬಿಗಿ ಮಾಡಲಿಲ್ಲ ಅನ್ನಿಸಿಕೊಳ್ಳುವ ಹೆಮ್ಮೆ ಬೇರೆ!

"ಗುಡ್ಡೆ ಬಾಡು ಆಕ್ಬುಟ್ಟೆ ಕಣಮ್ಮ," ಎಂದ. "ಹದಿನೆಂಟು ಮನೆಗೆ."

ರಕ್ಷಾ ಕುರ್ಚಿ ಬಿಟ್ಟು ಎದ್ದೇಬಿಟ್ಟರು. "ಅಯ್ಯೋ, ಎಂಥ ಕೆಲಸ ಮಾಡಿಬಿಟ್ರಿ! ಫೋನ್ ಹಚ್ಚಿ ಮೊದಲು. ಇದು ಮನುಷ್ಯರಿಗೂ ಅಂಟುತ್ತೆ. ಯಾರೂ ಮುಟ್ಟೋ ಹಾಗಿಲ್ಲ, ತಿನ್ನೋ ಹಾಗಿಲ್ಲ. ಮುಟ್ಟಿದವರೆಲ್ಲ ಈಗಲೇ ಆಸ್ಪತ್ರೆಗೆ ಬರಲಿ, ನೀವೂ ಸೇರಿ. ಔಷಧಿ ಇದೆ, ತಡ ಮಾಡಿದ್ರೆ ಕೆಟ್ಟಿರಿ!"

ಅವನು ಹೆಂಡತಿಗೆ ಫೋನು ಹಚ್ಚಿದ. "ಲೇ ಕ್ಯಾತಮ್ಮ, ಆ ಬಾಡು ಯಾರೂ ತಿನ್ಬ್ಯಾಡ್ರಿ! ಹಟ್ಟಿಗೆಲ್ಲ ಕೂಗಿ ಹೇಳು!"

"ಅದ್ಯಾಕೆ ಇಂಗೆ ಬಡ್ಕಂತೀಯ? ಎಲ್ರ ಮನೇಲೂ ಇನ್ನೂ ಖಾರ ಅರೀತವ್ರೆ. ಯಾರ್ ತಿಂದವ್ರೆ ಈಗ್ಲೇ?"

ಕ್ಯಾತಣ್ಣ ಗೋಡೆಗೊರಗಿ ಉಸಿರು ಬಿಟ್ಟ. ತಿಂದಿಲ್ಲವಂತೆ ಎಂದು ರಕ್ಷಾಗೆ ಕೈಸನ್ನೆ ಮಾಡಿದ. ಕ್ಯಾತಮ್ಮನ ಮಾತು ಇನ್ನೂ ಮುಗಿದಿರಲಿಲ್ಲ.

"ನೀನು ಹೇಳ್ದಂಗೆ ಲಿವರ್ ಒಂದ್ನ ಕೆಂಡದ ಮ್ಯಾಲೆ ಹಂಗಂಗೇ ತಿರುವಿ ಮಗಳಿಗೆ ಕೊಟ್ಟೆ. ಏಳು ತಿಂಗಳ ಬಸುರಿ, ಪೂರ್ತಿ ಬೇಯೋಗಂಟ ಎಲ್ಲಿ ತಡೀತಾಳೆ? ಇನ್ನೊಂಚೂರು ಕೊಡವ್ವ ಅಂತ ತಟ್ಟೆ ಹಿಡ್ಕಂಡು ಕುಂತವ್ಳೆ."