ಗೌಹರಳ ಅಗಸಿ

೧೯೭೩ರ ಒಂದು ಸಂಜೆ ಮುಂಬಯಿಯ ಜೋಗೇಶ್ವರಿಯ ಚಾಳಿನಲ್ಲಿ, ಸುತ್ತ ಕೂತ ಸೊಸೆಯಂದಿರಿಗೆ ಈ ಕತೆಯನ್ನು ಮೊದಲು ಹೇಳಿದವರು ಚಾಳಿನ ಹಿರಿಯಳು ರೋಷನಬಿ.

ಚಿತ್ರಗಳಿಗೆ ಚೌಕಟ್ಟು ಹಾಕುವ ಜಹಾಂಗೀರ, ಯಾರೋ ಇಂಗ್ಲಿಷ್ ಸಾಹೇಬ ಬರೆದ, ಗಾಜು ಕೂರಿಸಿದ ಹಳೆಯ ತಾಮ್ರದಚ್ಚಿನ ಚಿತ್ರವೊಂದನ್ನು ಹೊಸ ಹೆಂಡತಿ ಗೌಹರಳ ಮುಂದೆ ಹಿಡಿದಾಗ ಅವಳು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು. ಅದು ವಿಜಾಪುರದ ಪಾಳುಬಿದ್ದ ಅಗಸಿ, ಅವಳ ತವರಿನ ಊರಬಾಗಿಲು. ಗಂಡನ ಮನೆಗೆ ಹೊರಟವಳು ಅಗಸಿ ದಾಟಿ ಹಿಂತಿರುಗಿ ನೋಡಿದರೆ ತವರಿಗೆ ಕೇಡೆಂದು ತಾಯಿ ಹೇಳಿ ಕಳಿಸಿದ್ದಳು. ಹಾಗೆ ನೋಡದೆ ಬಂದವಳು ಅಂದಿನಿಂದ ನಕ್ಕಿರಲಿಲ್ಲ.

“ಹುಚ್ಚಿ, ಅಗಸಿ ಈಗ ನಿನ್ನ ಮುಂದ ಐತಿ. ಹಿಂದಕ್ಕ ತಿರುಗಿ ನೋಡಿದಂಗ ಹ್ಯಾಂಗಾಗತೈತಿ?” ಎಂದ ಜಹಾಂಗೀರ.

ಗೌಹರ ಒಂದು ಕಣ್ಣು ತೆರೆದಳು, ಆಮೇಲೆ ಇನ್ನೊಂದು. ಬಿರುಕುಬಿಟ್ಟ ಕಮಾನಿನ ಗುಂಟ, ಅದರಡಿ ನಿಂತ ಆಡುಗಳ ಗುಂಟ ಗಾಜಿನ ಮೇಲೆ ಬೆರಳಾಡಿಸಿದಳು. “ಅಯ್ಯ, ಚಿತ್ರ ಬರದ ಸಾಹೇಬಗ ನಮ್ಮ ಓಣಿ ಆಡು ಕಂಡಾವ, ನಮ್ಮ ಮನಿ ಕಂಡಿಲ್ಲ ನೋಡ್ರಿ!” ಎಂದು ಬಾಯ್ತುಂಬ ನಕ್ಕಳು.

ಇಷ್ಟು ಕೇಳಿ ಚಾಳಿನ ಸೊಸೆಯಂದಿರು ನಗುತ್ತಲೇ ಎದ್ದು ತಮ್ಮ ತಮ್ಮ ಖೋಲಿಗೆ ಹೋದರು.