ಇಸಾಕ್ ಸಾಬರ ಪ್ಲಿಮತ್

"ಈ ಕಡೆ ಬನ್ನಿ ಸಾಬ್ರೇ, ಇನ್ನೊಂದು ರೌಂಡ್ ನಾನೇ ಓಡಿಸ್ತೀನಿ," ಎಂದು ಗಾಡಿ ಕೊಳ್ಳಲು ಬಂದಿದ್ದ ಗುರುಪ್ರಕಾಶ್ ಡ್ರೈವರ್ ಸೀಟಿನ ಬಾಗಿಲು ತೆಗೆದಾಗ ಇಸಾಕ್ ಸಾಬರು ಸೀಟು ಬಿಡಲು ಹಿಂದೆಮುಂದೆ ನೋಡಿದರು. ಮೊದಲ ರೌಂಡು ಅವರೇ ಹೊಡೆಸಿದ್ದರು. ಗುಬ್ಬಿ ಪೇಟೆಯ ಉದ್ದಕ್ಕೂ ಜನ ತಿರುತಿರುಗಿ ನೋಡಿದ್ದರು. ಅಷ್ಟಕ್ಕೇ ವ್ಯಾಪಾರ ಕುದುರಿತು ಎಂದುಕೊಂಡಿದ್ದರು ಸಾಬರು. ಗುರುಪ್ರಕಾಶನ ಎಂಟು ವರ್ಷದ ಮಗಳು ಇಂಪನಾ ಹಿಂದಿನ ಸೀಟಿನಿಂದ ಇಳಿಯಲೇ ಒಲ್ಲೆ ಎಂದು ಕೂತಿದ್ದಳು.

ಆ ಪ್ಲಿಮತ್ ಕಾರು ಅಮೆರಿಕದಲ್ಲಿ ಹುಟ್ಟಿ ಗುಬ್ಬಿಗೆ ಬಂದು ಗುಬ್ಬಿಯದೇ ಆಗಿಹೋದ ಗಾಡಿ. ಪೆಟ್ರೋಲು ಕುಡಿದು ಮನೆ ತೊಳೆಯುತ್ತದೆಂದು ಮೂಲ ಎಂಜಿನ್ ಕಿತ್ತು ಟೆಂಪೋದ ಡೀಸೆಲ್ ಎಂಜಿನ್ ಕೂರಿಸಿದ್ದರು. ಬ್ರೇಕಿನ ಸಾಮಾನು ಎಲ್ಲೂ ಸಿಗದೆ ಚಿಕ್ಕ ಕಾರೊಂದರ ಸಿಲಿಂಡರ್ ಹಾಕಿಸಿದ್ದರು. ಆ ಪುಟ್ಟ ಸಿಲಿಂಡರಿಗೆ ಇಂಥ ದೊಡ್ಡ ಗಾಡಿಯನ್ನು ಒಂದೇ ತುಳಿತಕ್ಕೆ ಹಿಡಿಯುವ ತಾಕತ್ತಿಲ್ಲ. ಮೊದಲ ಎರಡು ತುಳಿತ ಪೊಳ್ಳು, ಮೂರನೆಯದಕ್ಕೆ ಗಾಡಿ ನಿಲ್ಲುತ್ತದೆ. ಸಾಬರ ಕಾಲಿಗೆ ಅದು ಉಸಿರಾಟದಷ್ಟು ರೂಢಿ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವ ಹಾಗೆ, ಅದೊಂದು ದೋಷ ಎಂದು ಅವರು ಒಪ್ಪಿದವರೇ ಅಲ್ಲ.

ಆದರೆ ಕೊಳ್ಳುವವನು ಒಪ್ಪಬೇಕಲ್ಲ? ರಸ್ತೆ ಅಗಲ ಮಾಡುವವರು ಗಾಡಿಯ ಶೆಡ್ಡನ್ನು ಕೆಡವಲು ಕೆಂಪು ಗುರುತು ಹಾಕಿ ಹೋಗಿದ್ದರು. ಮಗ ಬಿಲಾಲನ ಶೆಟ್ಟಿಹಳ್ಳಿಯ ಬಾಡಿಗೆ ಮನೆಯಲ್ಲಿ ಸೈಕಲ್ ನಿಲ್ಲಿಸಲೂ ಜಾಗವಿಲ್ಲ. ಇವತ್ತು ಗಾಡಿ ಹೋಗದಿದ್ದರೆ ನಾಳೆ ಬೆಳಿಗ್ಗೆ ಗುಜರಿಯವನು ಕಟರ್ ಹಿಡಿದು ಬರುತ್ತಾನೆ. ಕುಣಿಗಲ್ ರಸ್ತೆಯಲ್ಲಿ ಕಲ್ಯಾಣ ಮಂಟಪ ಇಟ್ಟಿರುವ ಈ ಗುರುಪ್ರಕಾಶನಾದರೆ ಗಾಡಿಗೆ ಹೂವು ಮುಡಿಸಿ, ಮದುವೆ ಹೆಣ್ಣುಗಂಡನ್ನು ಕೂರಿಸಿ ಮೆರೆಸುತ್ತೇನೆ ಅನ್ನುತ್ತಿದ್ದ. ಅದಕ್ಕೇ ಬಿಲಾಲ್ ಫೋನಿನಲ್ಲಿ ಒತ್ತಿ ಹೇಳಿದ್ದ: "ಅಬ್ಬಾ, ಬ್ರೇಕಿನ ಮಾತು ಎತ್ಬೇಡಿ. ಅವರು ಹೆಂಗೂ ಮೆಕ್ಯಾನಿಕ್‌ಗೆ ತೋರಿಸ್ಕೋತಾರೆ."

ಗಾಡಿ ಹೊರಟಿತು. ಮೊದಲ ಹಂಪು ಬಂದಾಗ ಗುರುಪ್ರಕಾಶ್ ಬ್ರೇಕ್ ಒತ್ತಿದ. ಗಾಡಿ ಕೇಳಿಸಿಕೊಳ್ಳದೆ ಹಂಪು ಹಾರಿತು. ಹಿಂದೆ ಇಂಪನಾ ಕಿಲಕಿಲ ನಕ್ಕಳು.

"ಬ್ರೇಕ್ ಸ್ವಲ್ಪ ಸಾಫ್ಟ್ ಅಲ್ವಾ ಸಾಬ್ರೇ?"

ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡಂತಾಯಿತು ಸಾಬರಿಗೆ. ನುಂಗುವಂತಿಲ್ಲ, ಉಗುಳುವಂತಿಲ್ಲ. "ಹಳೇ ಗಾಡಿ ಅಲ್ವಾ ಸರ್," ಎಂದರು. "ನಿಧಾನಕ್ಕೆ ಹೋಗಿ. ಇಲ್ಲೇ ತಿರುಗಿಸ್ಕೊಂಬಿಡಿ, ಸಾಕು."

"ಅಯ್ಯೋ, ಈಗಿನ್ನೂ ಶುರು. ಏರಿ ದಾಟಿ ರೈಲ್ವೆ ಗೇಟ್ ತನಕ ಹೋಗ್ ಬರೋಣ. ಏನ್ ಪುಟ್ಟಾ?"

"ಜೋರಾಗಿ ಹೋಗಪ್ಪಾ," ಅಂದಳು ಹುಡುಗಿ.

ಕೆರೆ ಏರಿಯ ಇಳಿಜಾರು ಶುರುವಾಯಿತು. ಕೆಳಗೆ ಗೇಟು ಬಿದ್ದಿತ್ತು. ಗೇಟಿನ ಮುಂದೆ ಕಟ್ಟಡದ ಕಂಬಿ ಹೇರಿದ ಟ್ರ್ಯಾಕ್ಟರೊಂದು ನಿಂತಿತ್ತು. ಟ್ರೇಲರಿನಿಂದ ಮಾರುದ್ದ ಆಚೆಗೆ ಕಂಬಿಗಳ ತುದಿಗಳು ಚಾಚಿಕೊಂಡಿದ್ದವು, ಸರಿಯಾಗಿ ಗಾಡಿಯ ಗಾಜಿನ ಎತ್ತರಕ್ಕೆ. ಇಸಾಕ್ ಸಾಬರ ಬಲಗಾಲು ತನ್ನಷ್ಟಕ್ಕೆ ತಾನೇ ಬರಿಯ ನೆಲವನ್ನು ತುಳಿಯತೊಡಗಿತು. ಹೇಳಿಬಿಡಲೇ? ಹೇಳಿದರೆ ನಾಳೆ ಕಟರ್. ಇನ್ನೂ ದೂರವಿದೆ, ಇಷ್ಟು ಹೊತ್ತಿಗೆ ಅವನಿಗೇ ಅಭ್ಯಾಸವಾಗಿರಬಹುದು, ಎಂದು ತಮ್ಮನ್ನು ತಾವೇ ಸಮಾಧಾನ ಮಾಡಿಕೊಂಡರು. ಎಂಥ ಹುಚ್ಚು ಸಮಾಧಾನ! ಹಿಂದಿನಿಂದ ಇಂಪನಾ ಎದ್ದು ಬಂದು ಇಬ್ಬರ ನಡುವೆ ತಲೆ ತೂರಿಸಿ ನಿಂತಳು.

ಗುರುಪ್ರಕಾಶ್ ಬ್ರೇಕ್ ತುಳಿದ. ಪೆಡಲು ಸೀದಾ ನೆಲಕ್ಕೆ ಹೋಯಿತು. ಅವನು ಕಾಲನ್ನು ಅಲ್ಲೇ ಒತ್ತಿ ಹಿಡಿದ, ಯಾರಾದರೂ ಹಾಗೇ ಮಾಡುತ್ತಾರೆ. ಗಾಡಿ ಇಳಿಯುತ್ತಲೇ ಇತ್ತು.

"ಕಾಲೆತ್ತಿ," ಸಾಬರ ದನಿ ಒಡೆಯಿತು. "ಕಾಲೆತ್ತಿ ತುಳೀರಿ. ಇನ್ನೊಂದ್ ಸಲ. ಇನ್ನೊಂದ್ ಸಲ ತುಳೀರಿ ಸ್ವಾಮಿ." ಹೇಳುತ್ತಲೇ ಕೈ ಚಾಚಿ ಹುಡುಗಿಯ ತಲೆಯನ್ನು ಸೀಟಿನ ಕೆಳಕ್ಕೆ ಒತ್ತಿದರು.

ಮೂರನೆಯ ತುಳಿತಕ್ಕೆ ಗಾಡಿ ಕಿರುಚಿಕೊಂಡು ನಿಂತಿತು. ಕಂಬಿಗೂ ಗಾಜಿಗೂ ನಡುವೆ ಒಂದು ಗೇಣು ಉಳಿದಿತ್ತು. ರೈಲು ಬಂತು, ಹೋಯಿತು.

"ನಿಮಗೆ ಗೊತ್ತಿತ್ತಾ?" ಎಂದು ಕೇಳಿದ ಗುರುಪ್ರಕಾಶ್.

"ಗೊತ್ತಿತ್ತು."

ಅವನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕೆಳಗಿಳಿದು, ಮಗಳನ್ನು ಎತ್ತಿ ರಸ್ತೆ ಪಕ್ಕದ ಹುಣಸೆ ಮರದಡಿ ನಿಲ್ಲಿಸಿ, ಮತ್ತೆ ಕಿಟಕಿಯ ಹತ್ತಿರ ಬಂದ.

"ಬ್ರೇಕು ಸರಿ ಮಾಡಿಸ್ಕೋಬೋದಿತ್ತು ಸಾಬ್ರೇ. ಒಂದ್ ಮಾತು ಹೇಳಿದ್ರೂ ಗಾಡಿ ತಗೋತಿದ್ದೆ ನಾನು."

ಇಸಾಕ್ ಸಾಬರು ತಲೆ ತಗ್ಗಿಸಿದರು.

"ಇವತ್ತು ನೀವೂ ಒಳಗೆ ಕೂತಿದ್ರಿ, ಕೂಗಿದ್ರಿ. ನಾಳೆ ಮದುವೆ ಹೆಣ್ಣುಗಂಡು ಕೂತಿರುವಾಗ ಯಾರು ಕೂಗ್ತಿದ್ರು?"

ಉತ್ತರಕ್ಕೆ ಕಾಯದೆ ಅವನು ಮಗಳ ಕೈ ಹಿಡಿದು ಗುಬ್ಬಿಯ ಕಡೆ ನಡೆದುಬಿಟ್ಟ. ಗೇಟು ಎದ್ದಿತು. ಮುಂದಿನ ಟ್ರ್ಯಾಕ್ಟರು ಹೋಯಿತು, ಹಿಂದಿನ ಬಸ್ಸಿನವನು ಹಾರ್ನ್ ಮೇಲೆ ಹಾರ್ನ್ ಬಾರಿಸಿದ. ಖಾಲಿ ಬಿದ್ದಿದ್ದ ಡ್ರೈವರ್ ಸೀಟಿನ ಕಡೆ ಸರಿಯಲು ಇಸಾಕ್ ಸಾಬರಿಗೆ ಧೈರ್ಯ ಬರಲಿಲ್ಲ.